ಹದಿನೇಳನೆಯ ನಂಬರಿನ ಕ್ಯಾರಿಯರ್

ಚಿಕ್ಕಬಾಣಾವರ
13-4-2014, ಭಾನುವಾರ

ನಮ್ಮ ಮನೆಯವರಿಗೆ,

ಮಹಾನಂದಾ ಮಾಡುವ ನಮಸ್ಕಾರ. ಕವರಿನ ಮೇಲೆ ನಿಮ್ಮ ಹೆಸರು ಬರೆಯಬೇಕಾಯಿತು, ಸಿದ್ರಾಮ ಅಂತ. ಮದುವೆಯಾದಾಗಿನಿಂದ ಗಂಡನ ಹೆಸರು ಕೂಡಿಸಿ ಹೇಳುವ ಒಡಪಿನಲ್ಲಿ ಬಿಟ್ಟರೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ ನಾನು. ಅಂಚೆಯವನಿಗೆ ಒಡಪು ಹೇಳಲು ಆಗುವುದಿಲ್ಲವಲ್ಲ, ಅದಕ್ಕೇ ಬರೆದೆ. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀರಿ. ಪತ್ರವನ್ನು ಹರಿದು ಹಾಕಬಹುದು, ಆದರೆ ಓದದೆ ಹರಿಯುವ ಜಾತಿಯವರಲ್ಲ ನೀವು. ವಿಳಾಸ ಕೊಟ್ಟದ್ದು ನಿಮ್ಮ ಜೊತೆ ಕಾಡುಗೋಡಿಯಲ್ಲಿ ಗ್ರಿಲ್ ಕೆಲಸ ಮಾಡುವ ಮುರಿಗೆಪ್ಪ. ನಾನು ಪೀಡಿಸಿ ತೆಗೆದುಕೊಂಡೆ, ಅವನಿಗೆ ಬೈಯಬೇಡಿ.

ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ಪದ್ಧತಿ. ಚೆನ್ನಾಗಿಲ್ಲ. ಒಬ್ಬಳಿಗೆ ರೊಟ್ಟಿ ಬಡಿಯಲು ಎಷ್ಟು ಹಿಟ್ಟು ಎಂಬುದು ಎರಡು ವರ್ಷವಾದರೂ ಕೈಗೆ ಸಿಕ್ಕಿಲ್ಲ. ಎರಡು ರೊಟ್ಟಿ ಹೆಚ್ಚೇ ಆಗುತ್ತವೆ, ಮರುದಿನ ಮುರಿದು ಮಜ್ಜಿಗೆಯಲ್ಲಿ ಹಾಕಿಕೊಂಡು ತಿನ್ನುತ್ತೇನೆ. ಭಾನುವಾರ ಬಂದರೆ ಮಾತಾಡಲೂ ಯಾರೂ ಇಲ್ಲ. ಇವತ್ತು ಬೆಳಿಗ್ಗೆ ಚುನಾವಣೆಯ ಆಟೋ ಬಂತು. ಮೈಕಿನಲ್ಲಿ ‘ತಾಯಂದಿರೇ, ಅಕ್ಕತಂಗಿಯರೇ’ ಎಂದು ಕರೆದದ್ದಕ್ಕೇ ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿದೆ. ಯಾವ ಪಕ್ಷ ಎಂದು ಕೇಳಿದರೆ ಗೊತ್ತಿಲ್ಲ.

ನಿಮ್ಮ ಸೈಕಲ್ ಇಲ್ಲೇ ಇದೆ. ಪೀಣ್ಯಕ್ಕೆ ಈಗ ನಾನೇ ತುಳಿದುಕೊಂಡು ಹೋಗುತ್ತೇನೆ. ಎರಡು ಸಲ ಬಿದ್ದೆ, ಆಮೇಲೆ ಬಂತು. ಹಿಂದೆ ಯಾರೂ ಇಲ್ಲದ್ದರಿಂದ ಸೈಕಲ್ ಹಗುರವಾಗಿದೆ. ಆ ಹಗುರವೇ ನನಗೆ ಸೇರುವುದಿಲ್ಲ.

ಬರೆಯಲು ಕೂತದ್ದು ಆ ಮುರಿದ ಕ್ಯಾರಿಯರ್ ವಿಷಯ. ಎದ್ದು ಹೋಗಬೇಡಿ, ಪೂರ್ತಿ ಓದಿ.

ನಿಮಗೆ ನೆನಪಿರದೆ ಇರುತ್ತದೆಯೇ? ಪರದೇಶದಲ್ಲಿ ಸೈಕಲ್ ಮೇಲೆ ದಿನಗಟ್ಟಲೆ ಊರೂರು ಸುತ್ತುವವರಿಗೆ ನಮ್ಮ ಪೀಣ್ಯದ ಶೆಡ್ಡಿನಲ್ಲಿ ಸಾಮಾನು ಹೊರುವ ಕ್ಯಾರಿಯರ್ ಮಾಡುತ್ತಿದ್ದೆವು. ಬೆಸುಗೆ ಹಾಕಿದವರ ನಂಬರನ್ನು ಪ್ರತಿ ಕ್ಯಾರಿಯರಿನ ಪಟ್ಟಿಯ ಮೇಲೆ ಒತ್ತಬೇಕು, ತಪ್ಪಾದರೆ ಯಾರದೆಂದು ಗೊತ್ತಾಗಲಿ ಎಂದು. ನಿಮ್ಮದು ಹದಿನೇಳು. ನನಗೆ ನಂಬರ್ ಇರಲಿಲ್ಲ. ಹೆಂಗಸರು ಪ್ಯಾಕಿಂಗ್ ಟೇಬಲ್ ಬಿಟ್ಟು ಬೆಸುಗೆಯ ಕಡೆ ಹೋಗುವ ಹಾಗಿರಲಿಲ್ಲ. ಆದರೂ ಊಟದ ಬಿಡುವಿನಲ್ಲಿ ‘ಬಾ ಇಲ್ಲೆ, ಕೈ ನಡಗಸಬ್ಯಾಡ’ ಎಂದು ಕಲಿಸಿದವರು ನೀವು. ಆ ವಾರ ಇಬ್ಬರು ಬೆಸುಗೆಯವರು ಊರಿಗೆ ಹೋಗಿ ಕೂತರು, ಮಾಲು ಕಳಿಸುವ ದಿನ ಹತ್ತಿರ ಬಂತು. ಕ್ಯಾರಿಯರಿನ ಎರಡು ಕಾಲಿನಲ್ಲಿ ಒಂದು ಕಾಲು ನೀವು, ಒಂದು ಕಾಲು ನಾನು ಎಂದು ಎದುರುಬದುರು ಕೂತು ಬೆಸುಗೆ ಹಾಕಿದೆವು. ಎಲ್ಲದರ ಮೇಲೂ ನಿಮ್ಮ ಹದಿನೇಳು. ಎರಡು ನಿಮಿಷಕ್ಕೊಮ್ಮೆ ಕೈಯಲ್ಲಿದ್ದದ್ದು ಬಿಟ್ಟು ‘ನೋಡೂಣು, ನೋಡೂಣು’ ಎಂದು ನನ್ನ ಕಡೆ ಬರುತ್ತಿದ್ದಿರಿ. ನನ್ನ ಇಡೀ ಜೀವನದಲ್ಲಿ ಅಷ್ಟು ಸುಖದ ವಾರ ಇನ್ನೊಂದಿಲ್ಲ.

ಮರುವರ್ಷ ಪರದೇಶದಿಂದ ಆ ಪಾರ್ಸಲ್ ಬಂತು, ಒಳಗೆ ಮುರಿದ ಕ್ಯಾರಿಯರ್. ಓನರ್ ನಂಜಪ್ಪನವರು ಕ್ಯಾರಿಯರನ್ನು ಎಲ್ಲರೆದುರು ಎತ್ತಿ ಹಿಡಿದರು. ಒಂದು ಜಾಯಿಂಟಿಗೆ ಮುರಿದ ಕೈಗೆ ಕಟ್ಟುವ ಹಾಗೆ ಬಟ್ಟೆ, ಕಡ್ಡಿ ಸುತ್ತಿತ್ತು. ‘ಹದಿನೇಳು ಯಾರ್ರೀ?’ ಎಂದರು. ನೀವು ‘ನಂದ್ರಿ’ ಎಂದಿರಿ. ಒಂದು ಸಲ, ಒಂದೇ ಸಲ, ನನ್ನ ಕಡೆ ನೋಡಿದಿರಿ. ನಾನು ತಲೆ ತಗ್ಗಿಸಿ ಡಬ್ಬಕ್ಕೆ ಟೇಪ್ ಅಂಟಿಸುತ್ತಾ ನಿಂತೆ. ಹೊಸ ಕೈಯವಳಾದ ನನ್ನ ಬೆಸುಗೆಯೇ ಬಿಟ್ಟಿದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನೀವು ನನ್ನ ಹೆಸರು ಎತ್ತಲಿಲ್ಲ. ಸೋಮವಾರದಿಂದ ಬರಬೇಡ ಎಂದು ನಂಜಪ್ಪನವರು ನಿಮಗೆ ಹೇಳಿದರು.

ಮನೆಗೆ ಬಂದು ನೀವು ಅಂದದ್ದು ಒಂದೇ ಮಾತು: ‘ನಾ ಅಂತೂ ಹೇಳೂದಿಲ್ಲ. ನೀ ಒಂದ್ ಮಾತ್ ಆಡಬಹುದಿತ್ತಲ್ಲ.’ ಇಬ್ಬರೂ ಮನೆಯಲ್ಲಿ ಕೂತರೆ ಹೊಟ್ಟೆಗೇನು ಎಂದು ನಾನು ಕೇಳಿದೆ. ಕೇಳಲು ನ್ಯಾಯವಾದ ಮಾತೇ. ಆದರೆ ಅದು ನೆಪ. ನನಗೆ ಬೆಸುಗೆ ಬೇಕಾಗಿತ್ತು, ನನ್ನದೇ ಒಂದು ನಂಬರ್ ಬೇಕಾಗಿತ್ತು. ಅವತ್ತು ಬಾಯಿಬಿಟ್ಟಿದ್ದರೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ನೀವು ಮನೆ ಬಿಟ್ಟು ಹೋದ ಎಂಟು ತಿಂಗಳಿಗೆ ಜನ ಸಾಲದೆ ಹೆಂಗಸರನ್ನೂ ಬೆಸುಗೆಗೆ ತೆಗೆದುಕೊಂಡರು. ನನಗೆ ಮೂವತ್ತೊಂದು ಕೊಟ್ಟರು. ಇದನ್ನು ನಿಮಗೆ ಯಾರೂ ಹೇಳಿರಲಾರರು, ಹೇಳಬೇಡಿ ಎಂದು ನಾನೇ ಎಲ್ಲರಿಗೂ ಹೇಳಿದ್ದೆ.

ಹೋದ ತಿಂಗಳು ಆಫೀಸಿಗೆ ಸುಣ್ಣ ಹೊಡೆಸಿದರು. ಫೈಲು ಎತ್ತಿಡುವಾಗ ಆಫೀಸಿನ ವೇಣಿಗೆ ಆ ಪಾರ್ಸಲಿನ ಜೊತೆ ಬಂದ ಪತ್ರ ಸಿಕ್ಕಿತು. ಆರು ಹಾಳೆ, ಇಂಗ್ಲಿಷಿನಲ್ಲಿ. ಅವತ್ತು ನಂಜಪ್ಪನವರು ಓದಿದ್ದು ಮೊದಲ ನಾಲ್ಕು ಸಾಲು ಮಾತ್ರ. ‘ಇದೇನಕ್ಕ ಇದು, ಕಂಪ್ಲೇಂಟ್ ಅಂದ್ರು, ನೋಡುದ್ರೆ ಟೂರ್ ಕಥೆ ಬರ್ದವ್ಳಲ್ಲಾ!’ ಎಂದಳು ವೇಣಿ. ದಿನಕ್ಕೊಂದು ಹಾಳೆಯಂತೆ ಊಟದ ಹೊತ್ತಿನಲ್ಲಿ ಅವಳಿಂದ ಓದಿಸಿಕೊಂಡೆ.

ಬರೆದವಳು ಅನೆಕೆ ಎಂಬ ಹಾಲೆಂಡಿನ ಹೆಂಗಸು, ಅರವತ್ತೊಂದು ವರ್ಷ. ಪೋರ್ಚುಗಲ್ ದೇಶದಲ್ಲಿ ಒಂದು ನದಿಯ ಗುಂಟ ಹದಿನೆಂಟು ದಿನ ಒಬ್ಬಳೇ ಸೈಕಲ್ ತುಳಿದಿದ್ದಾಳೆ. ಯಾಕೆ ಒಬ್ಬಳೇ ಎಂದು ಬರೆದಿಲ್ಲ. ಊಟದ ಮನೆಯಲ್ಲಿ ಎರಡು ತಟ್ಟೆ ಇಟ್ಟರೆ ಒಂದನ್ನು ತಾನೇ ಎತ್ತಿ ಪಕ್ಕಕ್ಕಿಡುತ್ತಿದ್ದಳಂತೆ, ಅಷ್ಟೇ. ನದಿಯ ಎರಡೂ ಕಡೆ ಗುಡ್ಡ, ಗುಡ್ಡದ ತುಂಬ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ನಮ್ಮ ಟಿಕೋಟಾ ಕಡೆಯ ಹಾಗೆ ಚಪ್ಪರವಲ್ಲ, ಸೊಂಟದೆತ್ತರದ ತಂತಿಯ ಮೇಲೆ ಬಳ್ಳಿ. ಚಳಿ ಇನ್ನೂ ಬಿಟ್ಟಿರಲಿಲ್ಲ, ಗಿಡದಲ್ಲಿ ಎಲೆಯಿಲ್ಲ. ಬಳ್ಳಿ ಕತ್ತರಿಸುವವರು ಕತ್ತರಿ ಎತ್ತಿ ಅವಳಿಗೆ ಕೈಬೀಸುತ್ತಿದ್ದರಂತೆ. ಈ ಹೊತ್ತಿಗೆ ಯಾಕೆ ಕತ್ತರಿಸುತ್ತಾರೆ ಎಂದು ವೇಣಿಗೆ ತಿಳಿಯಲಿಲ್ಲ. ಚಾಟ್ನಿ ಕಣೇ ಅದು, ಹೊಸ ಚಿಗುರು ಬರಲೆಂದು ಬಳ್ಳಿ ಸವರುವುದು ಎಂದು ನಾನು ಹೇಳಿಕೊಟ್ಟೆ. ನಾವಿಬ್ಬರೂ ಮೊದಲು ಮುಖ ನೋಡಿದ್ದೇ ಚಾಟ್ನಿ ಕೆಲಸದಲ್ಲಲ್ಲವೇ? ಕತ್ತರಿ ನಿಮ್ಮ ಎಡಗೈಗೆ ಒಗ್ಗದೆ ನೀವು ಒದ್ದಾಡುತ್ತಿದ್ದಿರಿ, ಸಾಲಿನ ಆಚೆ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ಹನ್ನೊಂದನೆಯ ದಿನ ಒಂದು ಊರು ಸೇರಿದಳು. ಅಲ್ಲಿ ನೆಲದೊಳಗಿಂದಲೇ ಬಿಸಿನೀರು ಉಕ್ಕುತ್ತದಂತೆ, ಒಲೆ ಬೇಡ, ಸೌದೆ ಬೇಡ. ಕೊಳೆತ ಮೊಟ್ಟೆಯ ವಾಸನೆಯಂತೆ. ಊರಿನ ಮುದುಕಿಯರ ನಡುವೆ ಕುತ್ತಿಗೆಯವರೆಗೆ ಮುಳುಗಿ ಕೂತಾಗ ಅವರಲ್ಲೊಬ್ಬಳು, ಮಾತು ಬಾರದಿದ್ದರೂ, ಬೆನ್ನು ತಿಕ್ಕಿಕೊಟ್ಟಳಂತೆ. ಎಷ್ಟೋ ತಿಂಗಳ ಮೇಲೆ ಒಬ್ಬರ ಕೈ ನನ್ನ ಮೈ ಮುಟ್ಟಿತು ಎಂದು ಬರೆದಿದ್ದಾಳೆ. ಅಷ್ಟು ಓದಿ ವೇಣಿ ಹಾಳೆ ಮಡಚಿಟ್ಟಳು. ನಾನು ಡಬ್ಬಿ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ ಅತ್ತೆ.

ಮರುದಿನವೇ ಇಳಿಜಾರಿನಲ್ಲಿ ಕ್ಯಾರಿಯರಿನ ಒಂದು ಕಾಲು ಟಕ್ ಎಂದು ಬಿಟ್ಟಿತಂತೆ. ತೋಟದ ಮುದುಕನೊಬ್ಬ ಒಣ ಬಳ್ಳಿಯ ತುಂಡನ್ನು ಆಸರೆಗೆ ಇಟ್ಟು, ಅವಳ ಸ್ನಾನದ ಟವೆಲನ್ನೇ ಹರಿದು ಸುತ್ತಿ, ಬಳ್ಳಿ ಕಟ್ಟುವ ನಾರಿನಿಂದ ಬಿಗಿದುಕೊಟ್ಟ. ಆಮೇಲೆ ಇನ್ನೂ ಆರು ದಿನ, ಮುನ್ನೂರು ಕಿಲೋಮೀಟರ್. ಕೊನೆಯ ಹಾಳೆಯ ಮಾತು ನಿಮಗೇ ಸೇರಬೇಕಾದದ್ದು. ವೇಣಿ ಹೇಳಿದ ಹಾಗೇ ಬರೆಯುತ್ತೇನೆ: ‘ಹದಿನೇಳನೆಯವರಿಗೆ ಹೇಳಿ, ನನಗೆ ಸಿಟ್ಟಿಲ್ಲ. ಒಂದು ಕಾಲು ಬಿಟ್ಟರೂ ಇನ್ನೊಂದು ಕಾಲು ನನ್ನನ್ನು ಮನೆ ಸೇರಿಸಿತು. ಕಟ್ಟು ಬಿಚ್ಚಲು ಮನಸ್ಸು ಬರಲಿಲ್ಲ, ಹಾಗೇ ಕಳಿಸಿದ್ದೇನೆ. ಸರಿ ಮಾಡಿ ಯಾರಿಗಾದರೂ ಕೊಡಿ.’

ಎರಡು ವರ್ಷ ಈ ಮಾತು ಫೈಲಿನಲ್ಲಿ ಬಿದ್ದಿತ್ತು. ನಿಮಗೆ ತಲುಪಿದ್ದು ಬೈಗುಳ ಮಾತ್ರ.

ಕಳೆದ ಸೋಮವಾರ ನಂಜಪ್ಪನವರ ಮುಂದೆ ನಿಂತು ಹೇಳಿದೆ, ಮುರಿದ ಬೆಸುಗೆ ನಮ್ಮವರದಲ್ಲ, ನನ್ನದು ಎಂದು. ಕನ್ನಡಕ ತೆಗೆದು ನೋಡಿದರು. ‘ಏನಮ್ಮಾ, ಆಗ ಬಾಯಿಗೆ ಏನಾಗಿತ್ತು?’ ಎಂದರು. ಮೂವತ್ತೊಂದನ್ನು ವಾಪಸ್ ತೆಗೆದುಕೊಂಡರು. ಮತ್ತೆ ಪ್ಯಾಕಿಂಗ್ ಟೇಬಲ್ಲಿನಲ್ಲಿದ್ದೇನೆ. ಸಿದ್ರಾಮ ಬಂದರೆ ಕೆಲಸ ಇದೆ, ಹದಿನೇಳು ಇನ್ನೂ ಯಾರಿಗೂ ಕೊಟ್ಟಿಲ್ಲ ಎಂದೂ ಅಂದರು. ಅದನ್ನು ತಿಳಿಸುವುದು ನನ್ನ ಕರ್ತವ್ಯ. ಬನ್ನಿ ಎನ್ನುವುದು ನನ್ನ ಆಸೆ. ಕೆಲಸ ಬೇಡವೆಂದರೂ ಸರಿ, ಒಂದು ಭಾನುವಾರ ಬಂದು ಆ ಎರಡು ರೊಟ್ಟಿ ತಿಂದು ಹೋಗಿ. ತಪ್ಪು ನನ್ನದು. ನಾನು ಅವತ್ತು ಮಾತಾಡಬೇಕಾಗಿತ್ತು.

ಎಂದಿಗೂ ನಿಮ್ಮವಳು,
ಮಹಾನಂದಾ

ತಾ.ಕ.: ಕವರ್ ಅಂಟಿಸಿದ್ದೆ. ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಆ ಕ್ಯಾರಿಯರನ್ನು ಗುಜರಿಯ ಮೂಲೆಯಿಂದ ಹುಡುಕಿ ನಿನ್ನೆ ಮನೆಗೆ ತಂದಿದ್ದೆ. ಅವತ್ತು ಕಟ್ಟನ್ನು ನೀವೂ ಬಿಚ್ಚಲಿಲ್ಲ, ನಾನೂ ಬಿಚ್ಚಲಿಲ್ಲ. ಒಳಗೆ ಏನಿದೆ ಎಂದು ಇಬ್ಬರಿಗೂ ಗೊತ್ತಿದೆ ಅಂದುಕೊಂಡಿದ್ದೆವು. ಈಗ ಬಿಚ್ಚಿ, ತಂತಿ ಬ್ರಷ್‌ನಿಂದ ತಿಕ್ಕಿ ನೋಡಿದೆ. ಬೆಸುಗೆಯ ಮೇಲೆ ಮೀನಿನ ಹುರುಪೆಯಂಥ ಗೆರೆಗಳು ಬರುತ್ತವಲ್ಲ, ಬಲಗೈಯವಳಾದ ನನ್ನದರಲ್ಲಿ ಅವು ಒಂದು ಕಡೆ ಹೊರಳುತ್ತವೆ, ನಿಮ್ಮ ಎಡಗೈಯದರಲ್ಲಿ ಅದರ ಎದುರು ಕಡೆ. ಮುರಿದ ಕಾಲಿನಲ್ಲಿ ಅವು ನಿಮ್ಮ ಎಡಗೈಯ ಹಾಗೆ ಹೊರಳಿವೆ. ಗಟ್ಟಿಯಾಗಿ ನಿಂತ ಕಾಲು ನನ್ನದು. ಬಿರುಕು ಶುರುವಾದ ಜಾಗದಲ್ಲಿ ಒಂದು ಸಣ್ಣ ಗುಂಡಿ ಇದೆ, ಬೆಸುಗೆಯನ್ನು ನಡುವೆಯೇ ಬಿಟ್ಟು ಎದ್ದಾಗ ಆಗುವಂಥದ್ದು. ಯಾಕೆ ಎದ್ದಿರಿ ಎಂದು ನನಗೆ ಗೊತ್ತು, ‘ನೋಡೂಣು, ನೋಡೂಣು’ ಎಂದು. ನಂಜಪ್ಪನವರ ಹತ್ತಿರ ಮತ್ತೆ ಹೋಗಿಲ್ಲ, ಹೋಗುವುದೂ ಇಲ್ಲ. ಅವರ ಪಾಲಿಗೆ ಅದು ನನ್ನದಾಗಿಯೇ ಇರಲಿ. ಕ್ಯಾರಿಯರ್ ನಿಮ್ಮ ಸೈಕಲ್ ಪಕ್ಕದಲ್ಲಿಟ್ಟಿದ್ದೇನೆ. ಬಂದು ಸರಿ ಮಾಡಿ. ಈ ಸಲ ಬೆಸುಗೆ ಹಾಕುವಾಗ ಮಾತ್ರ ನನ್ನ ಕಡೆ ನೋಡಬೇಡಿ.