ಪದ್ಮಯ್ಯಣ್ಣನ ದನಕ್ಕೆ ಸಿಕ್ಕಿದ ನ್ಯಾಯ

ಕೋಡಿಂಬಾಳದ ದನಗಳಿಗೆಲ್ಲ ಕೈಗುಣ ತೋರಿಸಿದ ಯಶಸ್ವಿಯವರಿಗೆ,

ನರಿಮೊಗರಿನ ಅಮ್ಮನ ಮನೆಯಿಂದ ನಿಮ್ಮ ಹೆಂಡತಿ ಬರೆಯುವುದು. ಮೊದಲು ‘ಪ್ರೀತಿಯ’ ಎಂದು ಬರೆಯಹೊರಟೆ, ಪೆನ್ನು ಒಪ್ಪಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ “ಮತ್ತೆ ಮಾತಾಡುವ” ಎಂದು ಕಟ್ ಮಾಡುತ್ತೀರಿ. ಕಾಗದವನ್ನು ಕಟ್ ಮಾಡಲು ಕತ್ತರಿಯಾದರೂ ಬೇಕಲ್ಲ, ಅದನ್ನು ಹುಡುಕುವಷ್ಟರಲ್ಲಿ ನಾಲ್ಕು ಸಾಲು ಓದಿಯೇ ಓದುತ್ತೀರಿ.

ನಿಮ್ಮ ವೀರ್ಯ ಪರೀಕ್ಷೆಯಲ್ಲಿ ಸಂಖ್ಯೆ ಕಡಿಮೆ, ಓಟ ನಿಧಾನ ಎಂದು ಬಂದಾಗ ನಾನು ಒಂದು ಮಾತೂ ಆಡಲಿಲ್ಲ. ಅದು ತಪ್ಪಲ್ಲ, ಜ್ವರ ಬಂದ ಹಾಗೆ. ತೊಳೆದು, ಚುರುಕಾದವನ್ನು ಆರಿಸಿ ನನ್ನ ಗರ್ಭಕೋಶಕ್ಕೆ ಸೇರಿಸುತ್ತೇವೆ ಎಂದು ಪುತ್ತೂರಿನ ಡಾಕ್ಟರು ಹೇಳಿದರು. ಅದಕ್ಕಾಗಿ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡವಳು ನಾನು. ನಿಮ್ಮ ಪಾಲಿಗೆ ಇದ್ದದ್ದು ಒಂದು ಡಬ್ಬಿ, ಚಿಲಕವಿರುವ ಒಂದು ಕೋಣೆ.

ಆ ಕೋಣೆಗೂ ನೀವು ಬರಲಿಲ್ಲ. “ಪುತ್ತೂರಲ್ಲಿ ಎಲ್ಲ ಗುರ್ತದವರು ಮಾರಾಯ್ತಿ. ಊರಿನ ದನಗಳಿಗೆ ಗಬ್ಬದ ಇಂಜೆಕ್ಷನ್ ಕೊಡುವವನೇ ಅಲ್ಲಿ ಕೂತರೆ ನಗಾಡುದಿಲ್ವಾ?” ಎಂದಿರಿ. ಸರಿ, ಪುತ್ತೂರಿಗೆ ಹತ್ತಿರದ ನನ್ನ ಅಮ್ಮನ ಮನೆಯಲ್ಲೇ ಡಬ್ಬಿಗೆ ಕೊಡಿ ಎಂದೆ. ಹಾಗಾದರೆ ಮೈಗೆ ತಾಗಿಸಿ ಬೆಚ್ಚಗೆ ಬೇಗ ತನ್ನಿ ಎಂದಿತು ಕ್ಲಿನಿಕ್. ನಾನೂ ಹೇಳಿದೆ. “ನಂಗೆ ಕಲಿಸ್ಬೇಡ. ಹೋರಿದು ತಣ್ಣಗಿಟ್ರೂ ಸಾಯುದಿಲ್ಲ, ನಂದು ಸಾಯ್ತದಾ?” ಎಂದಿರಿ.

ಆ ದಿನ ಬೆಳಿಗ್ಗೆ ನನ್ನ ಕೈಗೆ ಫ್ಲಾಸ್ಕ್ ಬಂತು. ಪಾಪ, ಹೆಂಡತಿಗೆ ಕಾಫಿ ತುಂಬಿಸಿದ್ದಾರೆ ಎಂದು ಒಂದು ಕ್ಷಣ ಕರಗಿಹೋದೆ. ಕರಗದೆ ಉಳಿದದ್ದು ಒಳಗಿನ ಐಸು. ಡಬ್ಬಿ ಇಟ್ಟಾಗಿದೆ, ಮುಚ್ಚಳ ತೆಗೆಯಬೇಡ ಎಂದು ಕ್ಲಿನಿಕ್ಕಿನ ಗೇಟಿನ ಹತ್ತಿರ ನನ್ನನ್ನು ಇಳಿಸಿ ಸ್ಕೂಟರ್ ತಿರುಗಿಸಿದಿರಿ. ಹೋರಿಯದಕ್ಕೆ ಮೊದಲೇ ಕಾಪಾಡುವ ದ್ರವ ಬೆರೆಸಿ ಆಮೇಲೆ ತಣಿಸುತ್ತಾರೆ ಎಂಬುದು ನಿಮಗಲ್ಲದೆ ಯಾರಿಗೆ ಗೊತ್ತು?

ಲ್ಯಾಬಿನ ನುಸೈಬಾ ಹೊರಗೆ ಬಂದು ಮೆಲ್ಲಗೆ ಕೇಳಿದಳು: “ಅಕ್ಕಾ, ಇದನ್ನು ಐಸಲ್ಲಿ ಯಾಕೆ ಇಟ್ಟದ್ದು? ಒಂದೂ ಅಲ್ಲಾಡುದಿಲ್ಲ. ಯಜಮಾನರನ್ನು ಈಗಲೇ ಬರಲಿಕ್ಕೆ ಹೇಳಿ.” ಹೇಳಲು ಎಷ್ಟು ಸಲ ಫೋನ್ ಮಾಡಿದೆ! ಸ್ವಿಚ್ ಆಫ್. ಆ ತಿಂಗಳು ಅಲ್ಲಿಗೇ ಮುಗಿಯಿತು.

ಇಷ್ಟಕ್ಕೇ ಆಗಿದ್ದರೆ ಬೈದು ನಕ್ಕುಬಿಡುತ್ತಿದ್ದೆ. ಮರುವಾರ ನಿಮ್ಮ ಅಮ್ಮ ನೆರೆಮನೆಯವರ ಎದುರು “ಎಷ್ಟು ಮದ್ದು ಮಾಡಿದ್ರೂ ಇವಳಿಗೆ ನಿಲ್ಲುದೇ ಇಲ್ಲ” ಎಂದರು. ನಾನು ನಿಮ್ಮ ಮುಖ ನೋಡಿದೆ. ನೀವು ನೀರುದೋಸೆ ಮಡಚಿ, “ಸ್ವಲ್ಪ ಚಟ್ನಿ” ಎಂದಿರಿ.

ಚಟ್ನಿ!

ಪದ್ಮಯ್ಯಣ್ಣನ ದನ ಎರಡು ಸಲ ಗಬ್ಬ ನಿಲ್ಲದಿದ್ದಾಗ ಅವರು ಅದನ್ನು ಮಾರಲು ಹೊರಟಿದ್ದರು. ನೀವು ಅಂಗಳದಲ್ಲಿ ನಿಂತು, ನಾಲ್ಕು ಜನ ಕೇಳುವ ಹಾಗೆ ಹೇಳಿದ್ದು ನನಗೆ ನೆನಪುಂಟು: “ದನದ್ದು ಎಂತ ತಪ್ಪಿಲ್ಲ ಪದ್ಮಯ್ಯಣ್ಣ. ನಾವು ತಂದ ವೀರ್ಯದ ಕಡ್ಡಿಯೇ ಹಾಳಾಗಿತ್ತು. ಅದನ್ನು ಬೈಬೇಡಿ.” ಆವತ್ತು ನಿಮ್ಮನ್ನು ನೋಡಿ ಎಷ್ಟು ಹೆಮ್ಮೆಪಟ್ಟಿದ್ದೆ! ಆ ದನಕ್ಕೆ ಸಿಕ್ಕಿದ ವಕೀಲ ನನಗೆ ಯಾಕೆ ಸಿಗಲಿಲ್ಲ? ನನಗೆ ಕೊಂಬಿಲ್ಲವೆಂದೇ?

ಇನ್ನು ನನ್ನ ಹೊಟ್ಟೆಗೆ ಸೂಜಿ ಇಲ್ಲ. ಮೊದಲು ನಿಮ್ಮ ಅಮ್ಮನ ಎದುರು, ಆ ನೆರೆಮನೆಯವರನ್ನೂ ಕರೆಸಿ, ಪದ್ಮಯ್ಯಣ್ಣನಿಗೆ ಹೇಳಿದ ಮಾತನ್ನೇ ಹೇಳಿ. ದನ ಎಂಬಲ್ಲಿ ಅನಘಾ ಎನ್ನಿ, ಸಾಕು. ಆಮೇಲೆ ಪುತ್ತೂರಿನ ಆ ಕೋಣೆಗೆ ಹಗಲಿನಲ್ಲಿ, ಮುಖ ಮುಚ್ಚದೆ, ನನ್ನ ಜೊತೆ ನಡೆದು ಬನ್ನಿ. ನಗುವವರು ನಗಲಿ, ನಾನು ನಿಮ್ಮ ಪಕ್ಕದಲ್ಲೇ ಕೂತಿರುತ್ತೇನೆ.

ಆ ಮಾತು ಹೇಳದೆ ಇಲ್ಲಿಗೆ ಬಂದರೂ ಬಾಗಿಲು ತೆಗೆಯುತ್ತೇನೆ. ಕಾಫಿಯನ್ನೂ ಕೊಡುತ್ತೇನೆ. ಆ ಫ್ಲಾಸ್ಕಿನಲ್ಲಿ.

ನಿಮ್ಮ ಕೈಗುಣ ಊರಿನ ಹಟ್ಟಿಗಳಿಗೆಲ್ಲ ಒದಗಲಿ, ಅದರಲ್ಲಿ ಸ್ವಲ್ಪ ನಿಮ್ಮ ಬಾಯಿಗೂ ಬರಲಿ ಎಂದು ಹಾರೈಸುವ,

ಅನಘಾ