ಬ್ಯಾಕ್ಟೀರಿಯಾದ ಲಿಂಗ

ಮಾರ್ಚ್ ೧೪, ಶುಕ್ರವಾರ

ಒಪ್ಪಿಗೆ ಬಂದೇ ಬಿಟ್ಟಿತು! ಸಕ್ಕರೆ ಕಾಯಿಲೆಯವರ ಕರುಳಿನಲ್ಲಿ ನಮ್ಮ ಪ್ರಯೋಗಾಲಯ ಗುರುತಿಸಿದ ಬ್ಯಾಕ್ಟೀರಿಯಾ ಇನ್ನು ಅಧಿಕೃತವಾಗಿ ಹೊಸ ಪ್ರಭೇದ.

ಅದಕ್ಕೆ ನಾವಿಟ್ಟ ಲ್ಯಾಟಿನ್ ಹೆಸರನ್ನು, ಹೊಸ ಹೆಸರುಗಳನ್ನು ಒಪ್ಪುವ ಅಂತರರಾಷ್ಟ್ರೀಯ ಸಮಿತಿ ಎರಡು ಸಲ ತಿರಸ್ಕರಿಸಿತ್ತು. ಬರೀ ಕರಡು ತಿದ್ದುವ ನಾನು ಹೋದ ತಿಂಗಳು ಪ್ರಯೋಗಾಲಯದ ಸಭೆಯಲ್ಲಿ ಮೊದಲ ಸಲ ಎದ್ದು ನಿಂತೆ.

"ಸರ್, ಹೆಸರಿನ ಮೊದಲ ಪದ ಸ್ತ್ರೀಲಿಂಗ, ಎರಡನೆಯದು ಪುಲ್ಲಿಂಗ."

"ಬ್ಯಾಕ್ಟೀರಿಯಾದಲ್ಲೂ ಗಂಡು ಹೆಣ್ಣು ನೋಡ್ಬೇಕೇನಮ್ಮಾ?" ಎಂದರು ಮುಖ್ಯಸ್ಥರು. ಎಲ್ಲರೂ ನಕ್ಕರು.

"'ಅವಳು ಬಂದನು' ಅಂದ ಹಾಗಾಗಿದೆ ಸರ್."

ಮುಖ್ಯಸ್ಥರು ಕರಡನ್ನು ನನ್ನತ್ತ ಸರಿಸಿದರು. ನಾನು ತಿದ್ದಿದ್ದು ಎರಡನೆಯ ಪದದ ಕೊನೆಯ ಅಕ್ಷರಗಳನ್ನಷ್ಟೇ; ಹೆಸರು ಮತ್ತೆ ಸಮಿತಿಗೆ ಹೋಯಿತು. ಇವತ್ತು ಮುಖ್ಯಸ್ಥರೇ ನನ್ನ ಮೇಜಿನ ಬಳಿ ಬಂದು, "ಗೆದ್ದೆ ಕಣಮ್ಮಾ!" ಎಂದರು.

ಫೋನಿನಲ್ಲಿ ಹೇಳಿದರೆ ಅಕ್ಕ ಬ್ಯಾಕ್ಟೀರಿಯಾದ ವಿಷಯವನ್ನೇ ಬಿಟ್ಟು, "ನೀನಾ? ಸಭೇಲಿ ಬಾಯಿ ಬಿಟ್ಯಾ?" ಎಂದಳು.

ಹೂಂ, ನಾನೇ. ಅದೂ ಹಿಂದಿನ ಸಾಲಿನವರಿಗೂ ಕೇಳಿಸುವ ಹಾಗೆ!