ಒಳಗೆ ಹೋಗಿ ನೋಡಿದವರು ಯಾರು?

ಮಾರ್ಚ್ 3

ಬೆಳಿಗ್ಗೆ ರಕ್ತದ ಹತ್ತು ಸ್ಲೈಡ್ ನೋಡಿದೆ. ಎಲ್ಲ ಸ್ವಚ್ಛ. ಆಸ್ಪತ್ರೆ ಬಾಗಿಲ ಹಲಗೆಯಲ್ಲಿ ಅಂಕಿ ತಿದ್ದಿದೆ — ಮಲೇರಿಯಾ ಇಲ್ಲದ ದಿನ 341. ಇನ್ನು ಇಪ್ಪತ್ತನಾಲ್ಕು ದಿನ ಕಳೆದರೆ ಒಂದು ವರ್ಷ. ಅಂದು ಪ್ರಾಂತ್ಯದಿಂದ ಆರೋಗ್ಯ ಇಲಾಖೆಯ ತಂಡ ಬರುತ್ತದೆ, ಊಟ ಹಾಕಿಸಬೇಕು. ಊರ ಮುಖ್ಯಸ್ಥರು ಆಗಲೇ ಅದಕ್ಕೆಂದು ಹಂದಿ ಕಟ್ಟಿಹಾಕಿದ್ದಾರೆ.

ಮಾರ್ಚ್ 19, ಮಧ್ಯಾಹ್ನ

ಜೋಯ್ಸ್‌ಲಿನ್‌ಳ ಗಂಡ ಟಿಮೊ. ಮೂರು ದಿನದ ಜ್ವರ. ಮೈಕ್ರೋಸ್ಕೋಪಿನಡಿ ರೋಗಾಣುವಿನ ಉಂಗುರಗಳು... ಕನ್ನಡಕ ಒರೆಸಿ ಮತ್ತೆ ನೋಡಿದೆ. ಮಲೇರಿಯಾನೇ. ಎಂಟೇ ದಿನ ಬಾಕಿ ಇತ್ತು. ಅಳು ಬಂತು. ಮಾತ್ರೆ ಕೊಟ್ಟು ಕಳಿಸಿದೆ.

ಬ್ಯಾಡ್ಲಿ ಬಂದ. ನನ್ನ ಜೊತೆ ಕೆಲಸ ಮಾಡುವವನು, ಮನೆಮನೆಯ ಸೊಳ್ಳೆಪರದೆ ಎಣಿಸುವವನು. ಜೋಯ್ಸ್‌ಲಿನ್‌ಳ ಅಣ್ಣ.

"ನರ್ಸಮ್ಮ, ಟಿಮೊ ಹೊನಿಯಾರ ಪಟ್ಟಣಕ್ಕೆ ಹೋಗಿ ಹತ್ತಿಸ್ಕೊಂಡು ಬಂದ ಅಂತ ಬರ್ದ್ಬಿಡಿ. ಆಗ ನಮ್ಮೂರ ಲೆಕ್ಕಕ್ಕೆ ಬರಲ್ಲ."

"ತಿಂಗಳಿಂದ ದೋಣಿ ಕಟ್ತಾ ಇಲ್ಲೇ ಕೂತಿದಾನಲ್ಲೋ!"

ಬರೆಯಲಿಲ್ಲ. ಹಲಗೆಯಲ್ಲಿ 357 ಅಳಿಸಿ 0 ಹಾಕಿದೆ.

ಮಾರ್ಚ್ 20

ಬ್ಯಾಡ್ಲಿಯ ಪುಸ್ತಕದಲ್ಲಿ ಜೋಯ್ಸ್‌ಲಿನ್‌ಳ ಮನೆ: ಪರದೆ ಮೂರು, ಮೂರೂ ಕಟ್ಟಿದೆ. ಒಳಗೆ ಹೋಗಿ ನೋಡಿದೆ. ಮೂರೂ ಪೆಟ್ಟಿಗೆಯಲ್ಲಿ — ಕವರ್ ಕೂಡ ಒಡೆದಿಲ್ಲ.

"ಮಗನ ಮದುವೆಗೆ ನೆಂಟರು ಬರ್ತಾರಲ್ಲ, ಹೊಸದಾಗಿರ್ಲಿ ಅಂತ ಇಟ್ಟೆ," ಎಂದಳು ಜೋಯ್ಸ್‌ಲಿನ್.

ಅಂಗಳದಲ್ಲಿ ಬ್ಯಾಡ್ಲಿಯನ್ನು ಹಿಡಿದೆ. "ನೀನು ಕಣ್ಣಾರೆ ನೋಡಿದ್ಯಾ?"

"ತಂಗಿ ಮಲಗೋ ಕೋಣೆಗೆ ಅಣ್ಣ ಕಾಲಿಡೋದುಂಟಾ? ಇಲ್ಲಿಂದ್ಲೇ ಕೇಳ್ದೆ. ಮೂರು ಅಂದ್ಲು, ಬರ್ಕೊಂಡೆ."

ನಿಜ, ನಮ್ಮಲ್ಲಿ ಅದು ನಿಷಿದ್ಧ. ನನ್ನ ಅಣ್ಣನೂ ನನ್ನ ಕೋಣೆಯ ಹೊಸ್ತಿಲು ದಾಟಿದವನಲ್ಲ. ಪುಸ್ತಕದಲ್ಲಿ ಹೊಸ ಕಾಲಂ ಎಳೆದೆ: ಒಳಗೆ ಹೋಗಿ ನೋಡಿದವರು ಯಾರು? ಬ್ಯಾಡ್ಲಿಯ ಅಕ್ಕತಂಗಿಯರ ಮನೆಗಳಿಗೆ ಇನ್ನು ಅವನ ಹೆಂಡತಿ ರೋಡಾ ಹೋಗುತ್ತಾಳೆ.

ಮಾರ್ಚ್ 27

ತಂಡ ಬಂತು. ಸೊನ್ನೆಯಿಂದ ಮತ್ತೆ ಎಣಿಸಿ ಎಂಟಾಗಿರುವ ಹಲಗೆ ನೋಡಿದರು. ನನಗೆ ತಲೆ ಎತ್ತಲಾಗಲಿಲ್ಲ. ಬ್ಯಾಡ್ಲಿ ಎಲ್ಲರೆದುರು ಎದ್ದುನಿಂತು, "ತಪ್ಪು ನಂದು," ಎಂದ. ಅಬ್ಬಾ, ಅವನ ಧೈರ್ಯವೇ!

ಅಧಿಕಾರಿ ನಮ್ಮ ಪುಸ್ತಕ ತಿರುವಿದರು. "ನಾಲ್ಕು ಊರು ನೋಡ್ಕೊಂಡು ಬಂದೆ. ಎಲ್ಲಾ ಕಡೆ ಪರದೆ ಕಟ್ಟಿದೆ ಅಂತಾನೇ ಇದೆ. ನೋಡಿದ್ದು ಯಾರು ಅಂತ ನಾನೂ ಕೇಳ್ಲಿಲ್ಲ."

ಹೊಸ ಕಾಲಂ ಇದ್ದ ಪುಟದ ಫೋಟೊ ತೆಗೆದುಕೊಂಡರು. ಇನ್ನು ಪ್ರಾಂತ್ಯದ ಎಲ್ಲ ಪುಸ್ತಕಗಳಲ್ಲೂ ಆ ಕಾಲಂ ಇರುತ್ತದಂತೆ. ಸ್ಕೇಲೂ ಇಲ್ಲದೆ ನಾನು ಎಳೆದ ಸೊಟ್ಟ ಗೆರೆ! ಸುಳ್ಳೇಕೆ — ಎದೆ ಉಬ್ಬಿತು. ಪೂರ್ತಿ ವರ್ಷ ಸಿಕ್ಕಿದ್ದರೂ ಇಷ್ಟು ಉಬ್ಬುತ್ತಿರಲಿಲ್ಲ.

ಮೇ 2, ಬೆಳಿಗ್ಗೆ

ಊರೆಲ್ಲರ ರಕ್ತ ಎರಡು ಸುತ್ತು ನೋಡಿಯಾಯಿತು. ಸ್ವಚ್ಛ. ಟಿಮೊ ದೋಣಿ ನೀರಿಗಿಳಿಸಿದ. ಜೋಯ್ಸ್‌ಲಿನ್‌ಳ ಮನೆಯಲ್ಲಿ ಮೂರೂ ಪರದೆ ಕಟ್ಟಿವೆ, ರೋಡಾ ಮುಟ್ಟಿ ನೋಡಿ ಬರೆದಿದ್ದಾಳೆ. ಹಲಗೆಯಲ್ಲಿ 44. ಹಂದಿಯ ಆಯಸ್ಸು ಗಟ್ಟಿ.

ಬಾಗಿಲಲ್ಲಿ ರೋಡಾ. ಕೈಯಲ್ಲಿ ಪುಸ್ತಕ. "ನರ್ಸಮ್ಮ, ನಿಮ್ಮ ಕೋಣೇನೂ ನೋಡ್ಬೇಕಲ್ಲ! ಒಳಗೆ ಬರ್ಲಾ?"

ನನ್ನ ಪರದೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಕ್ರಿಸ್ಮಸ್‌ನಿಂದ ನಾಳೆ ನಾಳೆ ಅನ್ನುತ್ತಿದ್ದೇನೆ. ಸೂಜಿದಾರ ಎಲ್ಲಿಟ್ಟೆ—